ಸಿಇಟಿ ರ‍್ಯಾಂಕ್ 9,400: ಸಿಎಸ್ ಮೊದಲಾ, ಕಾಲೇಜು ಮೊದಲಾ? ಅನುಭವ ಇರುವವರು ಹೇಳಿ

ತೀರ್ಥಹಳ್ಳಿ_ಅಪ್ಪ:
ಮಗಳಿಗೆ ಪಿಯುಸಿಯ ಪಿಸಿಎಂನಲ್ಲಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) 300ಕ್ಕೆ 288, ಸಿಇಟಿಯಲ್ಲಿ 180ಕ್ಕೆ 112. ರ‍್ಯಾಂಕ್ 9,400. ಅವಳಿಗೆ ಕಂಪ್ಯೂಟರ್ ಸೈನ್ಸೇ (ಸಿಎಸ್) ಬೇಕು. ಬೇಕಾದ ಕಾಲೇಜು-ಕೋರ್ಸುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಸಾಧಾರಣ ಕಾಲೇಜಿನ ಸಿಎಸ್ ಮೇಲೆ ಹಾಕಬೇಕಾ, ಹೆಸರಿರುವ ಕಾಲೇಜಿನ ಇಸಿ (ಎಲೆಕ್ಟ್ರಾನಿಕ್ಸ್) ಹಾಕಬೇಕಾ? ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಬೇರೆ ಪ್ರವೇಶ ಪರೀಕ್ಷೆ) ಸೀಟಿನ ಫೀಸ್ ಕಟ್ಟುವ ಶಕ್ತಿ ನಮಗಿಲ್ಲ. ನಿಮ್ಮ ಮಕ್ಕಳಿಗೆ ಏನಾಯ್ತು ಅಂತ ತಿಳಿಸಿದರೆ ಉಪಕಾರ.

ಹಾಸನದಮ್ಮ:
ಅಣ್ಣಾ, ಕಾಲೇಜು ಯಾವುದಾದ್ರೂ ಹಾಕಿ, ಸೀಟು ಸಿಕ್ಕ ಮೇಲೆ ಚಾಯ್ಸ್ ಒತ್ತುವಾಗ ಮಾತ್ರ ಎಚ್ಚರ. 2023ರಲ್ಲಿ ನನ್ನ ಮಗನ ರ‍್ಯಾಂಕ್ 8,100. ಮೊದಲ ಸುತ್ತಲ್ಲೇ ಬೆಂಗಳೂರಿನ ಹೊರವಲಯದ ಒಂದು ಕಾಲೇಜಲ್ಲಿ ಸಿಎಸ್ ಸಿಕ್ಕಿತ್ತು. ಚಾಯ್ಸ್ 2 ಒತ್ತಿದರೆ ಸೀಟು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗಬಹುದಿತ್ತು. ಆದರೆ ಅದಕ್ಕೆ ಫೀಸ್ ಕಟ್ಟಬೇಕು, ಹತ್ತಿರ ಹತ್ತಿರ ಒಂದು ಲಕ್ಷ. ಶುಂಠಿ ಮಾರಿದ ದುಡ್ಡು ವ್ಯಾಪಾರಿ ಇನ್ನೂ ಕೊಟ್ಟಿರಲಿಲ್ಲ. ನಮ್ಮ ಮೈದುನ "ಚಾಯ್ಸ್ 3 ಒತ್ತಿ, ಎರಡನೇ ಸುತ್ತಲ್ಲಿ ಇದಕ್ಕಿಂತ ಒಳ್ಳೇದು ಬರತ್ತೆ" ಅಂದ. ಸೈಬರ್ ಸೆಂಟರಿನಲ್ಲಿ ಕೂತು, ನನ್ನ ಮೊಬೈಲಿಗೆ ಬಂದ ಓಟಿಪಿಯನ್ನು ನಾನೇ ಓದಿ ಹೇಳಿದೆ. ಒಂದೊಂದೇ ಅಂಕಿ. ಚಾಯ್ಸ್ 3 ಅಂದರೆ ಸಿಕ್ಕ ಸೀಟು ಬಿಟ್ಟುಕೊಟ್ಟಂತೆ, ಆ ಸೀಟು ಅಲ್ಲಿಗೇ ಹೋಯ್ತು.

ಎರಡನೇ ಸುತ್ತಲ್ಲಿ ಅದೇ ಕಾಲೇಜಿನ ಸಿಎಸ್ 7,900ಕ್ಕೇ ಮುಗಿಯಿತು. ನಾವು ಹಾಕಿದ್ದು ಬರೀ 14 ಆಪ್ಷನ್, ಹಾಗಾಗಿ ಬೇರೆ ಏನೂ ಸಿಗಲಿಲ್ಲ. ಕೊನೆಗೆ ಕಾಮೆಡ್-ಕೆಯಲ್ಲಿ ಐಎಸ್ (ಇನ್ಫರ್ಮೇಷನ್ ಸೈನ್ಸ್) ತಗೊಂಡ್ವಿ, ಫೀಸ್ ಎರಡು ಪಟ್ಟಿಗಿಂತ ಜಾಸ್ತಿ. ಬ್ಯಾಂಕ್ ಸಾಲ 7 ಲಕ್ಷ, ಬಡ್ಡಿ 10.5 ಪರ್ಸೆಂಟ್. ಈಗಲೂ ಪ್ರತಿ ತಿಂಗಳು ಬಡ್ಡಿ ಕಟ್ಟುವಾಗ ಆ ಓಟಿಪಿ ನೆನಪಾಗತ್ತೆ.

ಕೋಲಾರ_ಡೇರಿ:
ಇಷ್ಟೆಲ್ಲ ತಲೆನೋವು ಯಾಕೆ? ನನ್ನ ಮಗನ ರ‍್ಯಾಂಕ್ 62,000. ಬಂಗಾರಪೇಟೆ ರಸ್ತೆಯಲ್ಲಿದ್ದ ಸೈಟು ಮಾರಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸಿಎಸ್ ಕೊಡಿಸಿದೆ. ಅಡ್ಮಿಷನ್ ದಿನ 6 ಲಕ್ಷ, ಆಮೇಲೆ ವರ್ಷಕ್ಕೆ ಮೂರೂವರೆ, ಹಾಸ್ಟೆಲ್ 1 ಲಕ್ಷ 30 ಸಾವಿರ. ನಾಲ್ಕು ವರ್ಷಕ್ಕೆ 25 ಲಕ್ಷ 20 ಸಾವಿರ. ಲ್ಯಾಪ್‌ಟಾಪ್ ಬೇರೆ, ಮೊದಲನೇದು ಕಳ್ಳತನ ಆಗಿ ಎರಡನೇದು ತಂದುಕೊಟ್ಟೆ. ಆ 6 ಲಕ್ಷದಲ್ಲಿ ಅರ್ಧಕ್ಕೆ ಮಾತ್ರ ರಶೀದಿ ಕೊಟ್ಟರು. ಆದರೂ ನನಗೆ ಬೇಜಾರಿಲ್ಲ. ಹುಡುಗ ಈಗ ಕೆಲಸದಲ್ಲಿದ್ದಾನೆ. ಹೊಲ, ಸೈಟು ಎಲ್ಲ ಇರೋದೇ ಮಕ್ಕಳಿಗೆ ಅಲ್ವಾ?

ಇಸಿ_ಹುಡುಗ:
ರ‍್ಯಾಂಕ್ 3,800 ಇದ್ದೂ ನಾನು ಹೆಸರಿರುವ ಕಾಲೇಜಿನ ಇಸಿ ಮೇಲೆ ಹಾಕಿದೆ. ನೆಂಟರೆಲ್ಲ "ಸಿಎಸ್ ಬಿಟ್ಟು ಇದ್ಯಾಕೆ" ಅಂದರು. ಸಿ, ಪೈಥಾನ್ ನಾನೇ ಕಲಿತೆ. ಮೂರನೇ ಸೆಮಿಸ್ಟರಿನಲ್ಲಿ ನೆಟ್ವರ್ಕ್ ಅನಾಲಿಸಿಸ್ ಬ್ಯಾಕ್ ಆಯ್ತು, ಆಗ ಬಹಳ ಅತ್ತಿದ್ದೆ. ಈಗ ಚಿಪ್ ವೆರಿಫಿಕೇಷನ್ ಕೆಲಸ, ಆಫರ್ ಲೆಟರ್ ಬಂದ ದಿನ ಅಪ್ಪ ಊರಿಗೆಲ್ಲ ಮೈಸೂರ್‌ಪಾಕ್ ಹಂಚಿದರು. ಇಸಿ ಓದಿದವರು ಕೋಡ್ ಬರೀತಾರೆ. ಕಾಲೇಜೇ ಮುಖ್ಯ.

ಹಾಸನದಮ್ಮ:
ತಮ್ಮಾ, ನಿನ್ನ ಥರ ಎಲ್ಲ ಮಕ್ಕಳೂ ತಾವೇ ಕಲಿಯಲ್ಲ. ನನ್ನ ಮಗ ಇಸಿ ತಗೊಂಡಿದ್ದರೆ ಮೊದಲ ವರ್ಷವೇ ಬಿಡುತ್ತಿದ್ದ.

ಸಿಂದಗಿ_ಮೇಷ್ಟ್ರು:
ಡೇರಿ ಯಜಮಾನರೇ, 62,000 ರ‍್ಯಾಂಕಿಗೆ ಸಿಎಸ್ ಅಂತ ಹೆಮ್ಮೆಯಿಂದ ಬರೀತೀರಲ್ಲ. ನನ್ನ ಮಗಳ ರ‍್ಯಾಂಕ್ 19,000. ಗ್ರಾಮೀಣ ಮೀಸಲಾತಿ 15 ಪರ್ಸೆಂಟ್ ಇದೆ, ಅದು ಸಿಗತ್ತೆ ಅಂತ ನಂಬಿದ್ದೆವು. ಒಂದನೇ ಕ್ಲಾಸಿಂದ ಹತ್ತರವರೆಗೆ 10 ವರ್ಷವೂ ಹಳ್ಳಿಯಲ್ಲೇ ಓದಿರಬೇಕು. ಎಂಟನೇ ಕ್ಲಾಸು ಒಂದೇ ವರ್ಷ ತಾಲ್ಲೂಕು ಕೇಂದ್ರದಲ್ಲಿ, ಅವಳ ಅಜ್ಜಿ ಮನೆಯಲ್ಲಿಟ್ಟು ಓದಿಸಿದ್ದೆ. ಆ ಒಂದು ವರ್ಷಕ್ಕೆ ಗ್ರಾಮೀಣ ಹೋಯ್ತು. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಲು ನಾಲ್ಕು ಸಲ ಅಲೆದೆ. ಅಷ್ಟೂ ಅಲೆದ ಮೇಲೆ ಗೊತ್ತಾಗಿದ್ದು ಇದು. ಕನ್ನಡ ಮಾಧ್ಯಮದ 5 ಪರ್ಸೆಂಟ್ ಒಂದು ಉಳಿದಿತ್ತು, ಅದರಲ್ಲಿ ಅವಳಿಗೆ ಐಎಸ್ ಸಿಕ್ಕಿತು. ನನ್ನ ತಪ್ಪಿಗೆ ಅವಳು ಸಿಎಸ್ ಕಳೆದುಕೊಂಡಳು.

ಕೋಲಾರ_ಡೇರಿ:
ಮೇಷ್ಟ್ರೇ, ನಾನು ಯಾರ ಸೀಟನ್ನೂ ಕಿತ್ತುಕೊಂಡಿಲ್ಲ. ಖಾಸಗಿ ಕಾಲೇಜಲ್ಲಿ ಸಾಮಾನ್ಯವಾಗಿ ನೂರಕ್ಕೆ 45 ಸರ್ಕಾರಿ ಕೋಟಾ, 30 ಕಾಮೆಡ್-ಕೆ, 25 ಮ್ಯಾನೇಜ್‌ಮೆಂಟ್. ಆ 25ರಲ್ಲಿ ನಾನು ತಗೊಂಡೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಾಲು ಕರೆದ ದುಡ್ಡು ಅದು.

ಸಿಂದಗಿ_ಮೇಷ್ಟ್ರು:
ನಿಮ್ಮ ದುಡಿಮೆಗೆ ನಮಸ್ಕಾರ. ನಾನು ಹೇಳೋದು ಬೇರೆ. ಸಿಇಟಿಯಲ್ಲಿ ಕೆಲವರು ಸೀಟು ಹಿಡಿದು ಸೇರದೇ ಬಿಡ್ತಾರೆ, ಕೊನೆಗೆ ಉಳಿದ ಸೀಟು ಕಾಲೇಜಿನ ಕೈಗೆ ಹೋಗತ್ತೆ. 2024ರಲ್ಲಿ ಸೀಟ್ ಬ್ಲಾಕಿಂಗ್ ಅಂತ ಪೊಲೀಸ್ ಕೇಸೇ ಆಯ್ತು. ಆ ಸೀಟುಗಳು ನಮ್ಮಂಥವರ ಮಕ್ಕಳಿಗೆ ಬರಬೇಕಾದವು.

2022_ಬ್ಯಾಚ್:
ಇದಕ್ಕೆಲ್ಲ ಮೂಲ ರ‍್ಯಾಂಕ್ ಲೆಕ್ಕಕ್ಕೆ ಪಿಯುಸಿ ಅಂಕವನ್ನು ಅರ್ಧ ಸೇರಿಸೋದು. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆ ನಡೆಯಲಿಲ್ಲ, ಹತ್ತನೇ ಮತ್ತು ಫಸ್ಟ್ ಪಿಯು ಅಂಕ ನೋಡಿ ಪಾಸ್ ಮಾಡಿದರು. ಆ ಬ್ಯಾಚಿನವರು ಮರುವರ್ಷ ನಮ್ಮ ಜೊತೆ ಸಿಇಟಿ ಬರೆದರು. ಮೊದಲು ಅವರಿಗೆ ಸಿಇಟಿ ಅಂಕ ಮಾತ್ರ ಲೆಕ್ಕ. ಪಿಯು ಅಂಕವೂ ಸೇರಲಿ ಅಂತ ಅವರು ಹೈಕೋರ್ಟಿಗೆ ಹೋಗಿ ಗೆದ್ದರು, ಅಕ್ಟೋಬರ್‌ನಲ್ಲಿ ಹೊಸ ಪಟ್ಟಿ ಬಂತು. 14,200 ಇದ್ದ ನನ್ನ ರ‍್ಯಾಂಕ್ 18,900 ಆಯ್ತು. ನನ್ನ ಒಂದು ಅಂಕವೂ ಕಡಿಮೆ ಆಗದೆ 4,700 ಹಿಂದೆ ಹೋದೆ. ಕಾಮೆಡ್-ಕೆ ಥರ ಒಂದೇ ಪರೀಕ್ಷೆಯ ಅಂಕ ನೋಡಿದರೆ ಮುಗೀತು.

ಸಿಂದಗಿ_ಮೇಷ್ಟ್ರು:
ಒಂದೇ ಪರೀಕ್ಷೆ ಅಂದರೆ ಕೋಚಿಂಗ್ ಇದ್ದವರ ಪರೀಕ್ಷೆ. ನಮ್ಮ ಸರ್ಕಾರಿ ಪಿಯು ಕಾಲೇಜಲ್ಲಿ ಗಣಿತದ ಲೆಕ್ಚರರ್ ಬಂದಿದ್ದೇ ಸೆಪ್ಟೆಂಬರಿನಲ್ಲಿ. ಹಾಗಿದ್ದೂ ಮಕ್ಕಳು ಪಠ್ಯಪುಸ್ತಕ ಓದಿ ಬೋರ್ಡ್ ಪರೀಕ್ಷೆಯಲ್ಲಿ 90 ದಾಟುತ್ತಾರೆ. ಆ ಅರ್ಧ ಇರೋದರಿಂದಲೇ ಅವರಿಗೆ ರ‍್ಯಾಂಕ್ ಅಂತ ಒಂದು ಬರತ್ತೆ.

2022_ಬ್ಯಾಚ್:
ಸರ್, ಲೆಕ್ಕ ನೋಡಿ. ಸಿಇಟಿಯ 3 ಅಂಕ, ಪಿಯುಸಿಯ 5 ಅಂಕಕ್ಕೆ ಸಮ. ಕರಾವಳಿ ಕಡೆಯ ರೆಸಿಡೆನ್ಷಿಯಲ್ ಕಾಲೇಜುಗಳಲ್ಲಿ ಎರಡು ವರ್ಷ ಎರಡನ್ನೂ ಅರೆದು ಕುಡಿಸ್ತಾರೆ. ಪಿಯುಸಿ ಸೇರಿಸಿದರೂ ಅವರೇ ಮುಂದೆ.

ಪುತ್ತೂರು_ತಾಯಿ:
ಕರಾವಳಿ ಕರಾವಳಿ ಅಂತ ಸುಮ್ನೆ ಹೇಳಬೇಡಿ. ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಎರಡು ವರ್ಷಕ್ಕೆ ನಾಲ್ಕೂವರೆ ಲಕ್ಷ ಕಟ್ಟಿದ್ದೇನೆ. ರಾತ್ರಿ ಹನ್ನೊಂದರವರೆಗೆ ಸ್ಟಡಿ, ಭಾನುವಾರ ಟೆಸ್ಟ್. ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಫೋನು, ಅದರಲ್ಲಿ ಐದು ನಿಮಿಷ ಅಳು. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆ ಬಂದವು ಅಂತ 50 ಪ್ರಶ್ನೆ ಕೈಬಿಟ್ಟರಲ್ಲ, ಗಣಿತದಲ್ಲೇ 15. ಅದರಲ್ಲಿ 11 ಅವಳಿಗೆ ಸರಿ ಆಗಿತ್ತಂತೆ. ನಮಗೂ ನಷ್ಟ ಆಗಿದೆ.

2022_ಬ್ಯಾಚ್:
ಪಠ್ಯದಲ್ಲಿಲ್ಲದ್ದು ಅವಳಿಗೆ ಬಂತು ಅಂದರೆ ನಾನು ಹೇಳಿದ್ದೇ ಸರಿ ಆಯ್ತಲ್ಲಮ್ಮ.

ಪುತ್ತೂರು_ತಾಯಿ:
ಅವಳು ಕೂತು ಓದಿದ್ದು, ಯಾರೂ ಕೈಗೆ ತಂದುಕೊಟ್ಟದ್ದಲ್ಲ. ನಿಮ್ಮ ಸಿಟ್ಟು ನನ್ನ ಮಗಳ ಮೇಲೆ ಬೇಡ.

ತೀರ್ಥಹಳ್ಳಿ_ಅಪ್ಪ:
ಎಲ್ಲರಿಗೂ ನಮಸ್ಕಾರ. ಮಾಕ್ ಅಲಾಟ್‌ಮೆಂಟಿನಲ್ಲಿ (ಅಣಕು ಸೀಟು ಹಂಚಿಕೆ) ತುಮಕೂರು ಕಡೆ ಸಿಎಸ್ ತೋರಿಸಿದೆ. ಮಗಳು ಸಿಎಸ್ ಎಲ್ಲವನ್ನೂ ಮೇಲೆ ಹಾಕಿ, ಒಟ್ಟು 86 ಆಪ್ಷನ್ ತುಂಬಿದ್ದಾಳೆ. ಅಕ್ಕಾ, ಚಾಯ್ಸ್ 2ಕ್ಕೆ ದುಡ್ಡು ಕಟ್ಟಲು ಎಷ್ಟು ದಿನ ಕೊಟ್ಟಿದ್ದರು? ಅಡಿಕೆ ಸೊಸೈಟಿಯಲ್ಲಿ ಮುಂಗಡ ಕೇಳಬೇಕು.

ಹಾಸನದಮ್ಮ:
ನಮಗೆ ಮೂರೇ ದಿನ ಇತ್ತು ಅಣ್ಣಾ, ಅದರಲ್ಲಿ ಒಂದು ಭಾನುವಾರ. ನಾಳೆ ಬೆಳಿಗ್ಗೆಯೇ ಸೊಸೈಟಿಗೆ ಹೋಗಿ, ಅಲಾಟ್‌ಮೆಂಟ್ ಬರಲಿ ಅಂತ ಕಾಯಬೇಡಿ.