ಬೆಂಗಳೂರಿನ ಬಯಲು ಶಿಲ್ಪಗಳನ್ನು ನೋಡಲು ಎಲ್ಲಿಂದ ಹೊರಡಬೇಕು?

ಪ್ರಶ್ನೆ: ಧಾರವಾಡದ ಚಿತ್ರಕಲಾ ಶಿಕ್ಷಕ

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಬರುವ ರಜೆಯಲ್ಲಿ ಮಗಳೊಂದಿಗೆ ಎರಡು ದಿನ ಬೆಂಗಳೂರಿನಲ್ಲಿರುತ್ತೇನೆ. ಈ ಸಲ ಗ್ಯಾಲರಿಗಳನ್ನು ಬದಿಗಿಟ್ಟು, ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿರುವ ಶಿಲ್ಪಗಳನ್ನಷ್ಟೇ ನೋಡಬೇಕೆಂಬುದು ನಮ್ಮ ಆಸೆ. ಹಿಂದೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್‌ಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ, ಅಲ್ಲಿ ಸಿಮೆಂಟಿನಲ್ಲಿ ಮೂಡಿರುವ ಹಳ್ಳಿಯ ಜನರ ಪಕ್ಕದಲ್ಲೇ ಕುಳಿತು ಮಕ್ಕಳು ತಾಸುಗಟ್ಟಲೆ ರೇಖಾಚಿತ್ರ ಬರೆದಿದ್ದರು. ಬೆಂಗಳೂರಿನಲ್ಲಿ ಹಾಗೆ ಕುಳಿತು ನೋಡಬಹುದಾದ ಜಾಗಗಳು ಯಾವುವು? ಕುದುರೆ ಒಂದು ಕಾಲೆತ್ತಿದ್ದರೆ ಸವಾರ ಯುದ್ಧದಲ್ಲಿ ಗಾಯಗೊಂಡಿದ್ದನೆಂದೂ ಎರಡು ಕಾಲೆತ್ತಿದ್ದರೆ ಮಡಿದನೆಂದೂ ಅರ್ಥವೆಂದು ಮಗಳು ಎಲ್ಲೋ ಕೇಳಿದ್ದಾಳೆ. ಅದು ನಿಜವೇ?

ಮೊದಲ ಉತ್ತರ

ಭಾನುವಾರ ಬೆಳಿಗ್ಗೆ ಏಳಕ್ಕೆ ಕಬ್ಬನ್ ಉದ್ಯಾನಕ್ಕೆ ಬನ್ನಿ. ಅಂದು ಉದ್ಯಾನದ ಒಳರಸ್ತೆಗಳಲ್ಲಿ ವಾಹನಗಳಿರುವುದಿಲ್ಲವಾದ್ದರಿಂದ, ಪ್ರತಿಮೆಯನ್ನು ಸುತ್ತುಹಾಕಿ ಎಲ್ಲ ಬದಿಯಿಂದಲೂ ನೋಡಬಹುದು. ಮುಂಭಾಗವನ್ನಷ್ಟೇ ನೋಡಿ ಹೊರಟರೆ ಶಿಲ್ಪದ ಅರ್ಧವನ್ನು ಬಿಟ್ಟಂತೆ.

ಥಾಮಸ್ ಬ್ರಾಕ್ ಕಡೆದ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ 1906ರ ಫೆಬ್ರವರಿ 5ರಂದು ಅನಾವರಣಗೊಂಡಿತು. ಅನಾವರಣ ಮಾಡಿದವರು ಅಂದಿನ ವೇಲ್ಸ್ ರಾಜಕುಮಾರ, ಮುಂದೆ ಐದನೆಯ ಜಾರ್ಜ್ ಆದವರು. ಅಲ್ಲಿಂದ ಸ್ವಲ್ಪ ದೂರದಲ್ಲೇ ಏಳನೆಯ ಎಡ್ವರ್ಡನ ಪ್ರತಿಮೆ ಇದೆ. ಆದರೆ ನಾನು ನಿಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಬೇಕೆಂದಿರುವುದು ಮಾರ್ಕ್ ಕಬ್ಬನ್‌ನ ಕಂಚಿನ ಅಶ್ವಾರೂಢ ಪ್ರತಿಮೆಯ ಎದುರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಆತ ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಶಿಲ್ಪಿ ಮಾರೊಕೆಟ್ಟಿಯ ಈ ಕೃತಿ 1866ರಲ್ಲಿ ಸ್ಥಾಪನೆಯಾಯಿತು. ಉದ್ಯಾನ ರೂಪುಗೊಂಡದ್ದು 1870ರಲ್ಲಿ. ಅಂದರೆ ಉದ್ಯಾನಕ್ಕಿಂತ ಪ್ರತಿಮೆಯೇ ಹಿರಿಯದು. ಮೊದಲು ಪರೇಡ್ ಮೈದಾನದಲ್ಲಿದ್ದು, ಬಹುಕಾಲ ಅಠಾರಾ ಕಚೇರಿಯ (ಈಗಿನ ಹೈಕೋರ್ಟ್ ಕಟ್ಟಡದ) ಮುಂದೆ ನಿಂತಿದ್ದ ಅದನ್ನು 2020ರಲ್ಲಿ ಉದ್ಯಾನದೊಳಕ್ಕೆ, ಬ್ಯಾಂಡ್‌ಸ್ಟ್ಯಾಂಡ್ ಬಳಿಗೆ ಸಾಗಿಸಲಾಯಿತು. ಕೆಂಪು ಕಟ್ಟಡದ ಎದುರು ಅಧಿಕಾರದ ಗುರುತಾಗಿ ಕಾಣುತ್ತಿದ್ದ ಅದೇ ಕುದುರೆ, ಮರಗಳ ನಡುವೆ ಬೇರೆಯೇ ಆಗಿ ಕಾಣುತ್ತದೆ. ಲಾಲ್‌ಬಾಗಿನ ಚಾಮರಾಜೇಂದ್ರ ಒಡೆಯರ ಅಶ್ವಾರೂಢ ಪ್ರತಿಮೆಯೂ ಮೈಸೂರಿನಲ್ಲಿದ್ದು, 1908ರಲ್ಲಿ ಇಲ್ಲಿಗೆ ಬಂದದ್ದು. ಪ್ರತಿಮೆ ಯಾರದೆಂದು ಕೇಳುವಾಗ, ಅದು ಎಲ್ಲಿಂದ ಬಂತು, ಈಗ ಯಾವ ಕಡೆಗೆ ಮುಖಮಾಡಿದೆ ಎಂಬುದನ್ನೂ ಕೇಳಲು ಮಗಳಿಗೆ ಹೇಳಿಕೊಡಿ.

ಕುದುರೆಯ ಕಾಲಿನ ಮಾತು ಬರಿಯ ನಂಬಿಕೆ. ಶಿಲ್ಪಿಗಳು ಅಂಥ ನಿಯಮವನ್ನು ಪಾಲಿಸಿದವರಲ್ಲ. ನಿಜವಾದ ಪ್ರಶ್ನೆ ಭಾರದ್ದು. ಎರಕದ ಕಂಚು ಒಳಗೆ ಟೊಳ್ಳಾಗಿರುವುದರಿಂದ, ಒಳಗಿನ ಉಕ್ಕಿನ ಆಧಾರದ ಬಲದಲ್ಲಿ ಒಂದೆರಡು ಕಾಲುಗಳನ್ನು ಗಾಳಿಯಲ್ಲಿ ನಿಲ್ಲಿಸಬಹುದು. ಕಲ್ಲಿನಲ್ಲಿ ಅದೇ ಭಂಗಿಯನ್ನು ಕಡೆಯಬೇಕಾದರೆ ಹೊಟ್ಟೆಯ ಕೆಳಗೆ ಕಂಬವನ್ನೋ ಪೊದೆಯನ್ನೋ ಉಳಿಸಿಕೊಳ್ಳಬೇಕಾಗುತ್ತದೆ.

ಎರಡನೆಯ ಉತ್ತರ

ಮೇಲಿನ ದಾರಿ ಚೆನ್ನಾಗಿದೆ, ಆದರೆ ಬೆಂಗಳೂರಿನ ಬಯಲು ಶಿಲ್ಪದ ಕಥೆಯನ್ನು ಬ್ರಿಟಿಷರಿಂದ ಆರಂಭಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಈ ಊರಿನಲ್ಲಿ ಬಯಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, ಸತ್ತವರ ನೆನಪಿಗೆ ಶಿಲ್ಪ ನಿಲ್ಲಿಸುವ ಪದ್ಧತಿ ಸಾವಿರ ವರ್ಷಕ್ಕೂ ಹಳೆಯದು. ನಾನು ಹೇಳುತ್ತಿರುವುದು ವೀರಗಲ್ಲುಗಳ ವಿಷಯ.

ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಕಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದರ ಮೇಲಿರುವ ವೀರ ಅರಸನೂ ಅಲ್ಲ, ಸೇನಾಪತಿಯೂ ಅಲ್ಲ. ಊರನ್ನು ಕಾಯುತ್ತ ಸತ್ತ ಒಬ್ಬ ಮನುಷ್ಯ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಬೆಂಗಳೂರು ಕಾಳಗವನ್ನು ಹೆಸರಿಸುವ, ಕ್ರಿ.ಶ. 900ರ ಸುಮಾರಿನ ಶಾಸನ ಈಗಲೂ ಇದೆ. ಅದೇ ಬೇಗೂರಿನ ದೊಡ್ಡ ವೀರಗಲ್ಲು, ಆನೆ ಕುದುರೆಗಳ ಯುದ್ಧವನ್ನು ಒಂದೇ ಹಾಸುಗಲ್ಲಿನಲ್ಲಿ ತುಂಬಿಸಿರುವಂಥದ್ದು, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಕಲ್ಲು ಉಳಿಯಿತು ಎಂಬ ಸಮಾಧಾನ ನನಗಿದೆ. ಆದರೂ ಬೇಗೂರಿನ ಕೆರೆಯ ಗಾಳಿಯಲ್ಲಿ ಅದು ನಿಂತಿರುತ್ತಿದ್ದರೆ ಹೇಗಿರುತ್ತಿತ್ತು ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ನೋಡುವ ಕ್ರಮ ಹೀಗೆ. ಸಾಮಾನ್ಯವಾಗಿ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ತಳದ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ತುದಿಯಲ್ಲಿ ಶಿವಲಿಂಗದ ಸನ್ನಿಧಿ. ಹಳೆಯ ಗಂಗ ಕಲ್ಲುಗಳಲ್ಲಿ ಇಷ್ಟು ಅಂತಸ್ತುಗಳಿರದೆ, ಕಾಳಗವೇ ಇಡೀ ಕಲ್ಲನ್ನು ಆವರಿಸಿರುವುದೂ ಉಂಟು. ನಡುಹಗಲಿನಲ್ಲಿ ಹೋದರೆ ಏನೂ ಕಾಣುವುದಿಲ್ಲ. ಬೆಳಕು ಓರೆಯಾಗಿ ಬೀಳುವ ಬೆಳಿಗ್ಗೆ ಅಥವಾ ಸಂಜೆ ಹೋಗಿ, ಇಲ್ಲವೇ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಅಕ್ಷರ ಕಾಣಲೆಂದು ಸುಣ್ಣವನ್ನೋ ಚಾಕ್‌ಪುಡಿಯನ್ನೋ ದಯವಿಟ್ಟು ಬಳಿಯಬೇಡಿ. ಹಲವು ಊರುಗಳಲ್ಲಿ ಭಕ್ತಿಯಿಂದಲೇ ಎಣ್ಣೆಬಣ್ಣ ಬಳಿದು, ಸಾವಿರ ವರ್ಷ ಮಳೆ ತಿಂದೂ ಉಳಿದಿದ್ದ ಉಳಿಯ ಗುರುತುಗಳನ್ನು ಮುಚ್ಚಿಹಾಕಿರುವುದನ್ನು ಕಂಡು ಸಂಕಟಪಟ್ಟಿದ್ದೇನೆ.

ಮೂರನೆಯ ಉತ್ತರ

ಉಳಿಯುವುದಕ್ಕೆಂದು ಮಾಡದ ಶಿಲ್ಪವನ್ನೂ ಮಗಳಿಗೆ ಪರಿಚಯಿಸಿ. 2015ರಲ್ಲಿ ಮೈಸೂರು ಮೂಲದ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರ ನೀರಿನಲ್ಲಿ ಜೀವಂತ ಗಾತ್ರದ ಮೊಸಳೆಯನ್ನು ಇಟ್ಟರು. ಅದು ಸುದ್ದಿಯಾದ ಮೇಲೆ ಗುಂಡಿ ಮುಚ್ಚಿತು. ಈಗ ಅಲ್ಲಿ ನೋಡಲು ಏನೂ ಇಲ್ಲ, ಇರಬಾರದು ಕೂಡ. ರಾಮ್ ವಿ. ಸುತಾರ್ ರೂಪಿಸಿದ, ವಿಮಾನ ನಿಲ್ದಾಣದ ಬಳಿಯ 108 ಅಡಿಯ ಕೆಂಪೇಗೌಡ ಪ್ರತಿಮೆಯನ್ನು (ಅನಾವರಣ 2022) ದೂರದಿಂದ ನೋಡಿದರೆ ಸಾಕು. ಆ ಗಾತ್ರವನ್ನು ಯೋಜಿಸಿರುವುದೇ ದೂರದ ನೋಟಕ್ಕೆ. ಸಮಯವಿದ್ದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಅಂಗಳಕ್ಕೆ ಹೋಗಿ. ಅಲ್ಲಿ ಮರದ ನೆರಳಲ್ಲಿ ಶಿಲ್ಪಗಳೂ ಇವೆ, ಕುಳಿತು ಬರೆಯುವುದಕ್ಕೆ ಜಾಗವೂ ಇದೆ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಹೋಗಿ ಬಂದೆವು. ಕಬ್ಬನ್ ಪ್ರತಿಮೆಯ ಎದುರು ಒಂದು ತಾಸು ಕುಳಿತೆವು; ಮಗಳು ಸವಾರನನ್ನು ಬಿಟ್ಟು ಕುದುರೆಯನ್ನಷ್ಟೇ ಬರೆದಳು. ಸಂಜೆ ಬೇಗೂರಿನಲ್ಲಿ, ಹೇಳಿದಂತೆ ಟಾರ್ಚನ್ನು ಪಕ್ಕದಿಂದ ಹಿಡಿದಾಗ, ಅದುವರೆಗೆ ಬರಿಯ ಕಲ್ಲಾಗಿದ್ದ ಕಡೆ ಅಕ್ಷರಗಳ ಸಾಲು ಎದ್ದುಬಂತು. ಹಳಗನ್ನಡ ಲಿಪಿ ಓದಲು ನಮಗಿಬ್ಬರಿಗೂ ಬಾರದು. ಅದನ್ನು ಮನೆಯಲ್ಲೇ ಕಲಿಯಲು ಆರಂಭಿಸುವವರು ಯಾವ ಶತಮಾನದ ಲಿಪಿಯಿಂದ ತೊಡಗಬೇಕು ಎಂಬುದನ್ನು ಎರಡನೆಯ ಉತ್ತರ ಬರೆದವರು ತಿಳಿಸಿದರೆ ಉಪಕಾರವಾಗುತ್ತದೆ.