ಅಡ್ರಿನಲ್ ಗಡ್ಡೆ: ಆಪರೇಷನ್‌ಗೆ ಮುಂಚೆ ಜೀನ್ ಟೆಸ್ಟ್ ಬೇಕಾ? ಅನುಭವ ಇರುವವರು ಹೇಳಿ

ವಿಜಯನಗರದ ತಂಗಿ:
ನಮ್ಮ ಅಕ್ಕನಿಗೆ 38 ವರ್ಷ. ಬಿಪಿಗೆ ಮೂರು ಮಾತ್ರೆ, ಆದರೂ ಇಳಿಯುತ್ತಿಲ್ಲ. ಪೊಟ್ಯಾಸಿಯಂ 2.9. ಆಲ್ಡೋಸ್ಟೆರೋನ್ (ಮೈಯಲ್ಲಿ ಉಪ್ಪು ಹಿಡಿದಿಟ್ಟು ಬಿಪಿ ಏರಿಸುವ ಅಡ್ರಿನಲ್ ಹಾರ್ಮೋನ್) ಜಾಸ್ತಿ, ಅದನ್ನು ಹೆಚ್ಚಿಸುವ ಕಿಡ್ನಿಯ ರೆನಿನ್ ಕಡಿಮೆ. ಸಿಟಿ ಸ್ಕ್ಯಾನ್‌ನಲ್ಲಿ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಎಡಗಡೆ 1.4 ಸೆಂ.ಮೀ. ಗಡ್ಡೆ. ಡಾಕ್ಟರು ಎವಿಎಸ್ (ಎರಡೂ ಅಡ್ರಿನಲ್‌ಗಳ ರಕ್ತನಾಳದಿಂದ ರಕ್ತ ತೆಗೆದು ಯಾವ ಕಡೆ ಹಾರ್ಮೋನ್ ಜಾಸ್ತಿ ಅಂತ ನೋಡುವ ಪರೀಕ್ಷೆ) ಮಾಡಿಸಿ ಅಂದಿದ್ದಾರೆ. ನೆಂಟರೊಬ್ಬರು ಜೀನ್ ಟೆಸ್ಟ್ ಆಗದೆ ಆಪರೇಷನ್‌ಗೆ ಒಪ್ಪಬೇಡಿ ಅನ್ನುತ್ತಿದ್ದಾರೆ. ಬೆಂಗಳೂರಲ್ಲಿ ಇದನ್ನೆಲ್ಲ ದಾಟಿ ಬಂದವರು ದಯವಿಟ್ಟು ತಿಳಿಸಿ.

ಮಲ್ಲೇಶ್ವರಂ ರಾಯರು:
ಎವಿಎಸ್ ಅಂದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಮೊದಲು ಹೋದ ಆಸ್ಪತ್ರೆಯಲ್ಲಿ ಬಲಗಡೆ ರಕ್ತನಾಳ ಸಿಗಲೇ ಇಲ್ಲ. ಅದು ಗಿಡ್ಡ, ನೇರವಾಗಿ ಹೃದಯಕ್ಕೆ ಹೋಗುವ ದೊಡ್ಡ ನಾಳ ವೀನಾ ಕೇವಾಕ್ಕೆ ಸೇರುತ್ತದೆ, ಮಾಡುವವರ ಕೈ ಪಳಗಿರಬೇಕು. ಅಡ್ರಿನಲ್‌ನ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಲೆಕ್ಕ ಹಾಕಿದ ಮೇಲೆ ಸ್ಯಾಂಪಲ್ ಆ ನಾಳದ್ದೇ ಅಲ್ಲ ಅಂತ ಗೊತ್ತಾಯಿತು. 72 ಸಾವಿರ ನೀರಿಗೆ. ಇನ್ಶೂರೆನ್ಸ್‌ನವರು "ಇದು ಪರೀಕ್ಷೆ, ಚಿಕಿತ್ಸೆ ಅಲ್ಲ" ಅಂತ ಕ್ಲೇಮ್ ವಾಪಸ್ ಕಳಿಸಿದರು. ಆಮೇಲೆ ಬೇರೆ ಕಡೆ 85 ಸಾವಿರ, ರೂಮ್ ಬಾಡಿಗೆ ಬೇರೆ. ಅಲ್ಲಿ ಸಿಕ್ಕಿತು. ಸಿಟಿಯಲ್ಲಿ ಕಂಡ ಗಡ್ಡೆ ಎಡಗಡೆ, ಹಾರ್ಮೋನ್ ಸುರಿಸುತ್ತಿದ್ದದ್ದು ಬಲಗಡೆ! ಎವಿಎಸ್ ಬಿಡಬೇಡಿ. ಜೀನ್ ಟೆಸ್ಟ್ ಮಾತ್ರ ಸುಮ್ನೆ ದುಡ್ಡು ದಂಡ.

ಬಸವನಗುಡಿ ಅಮ್ಮ:
ದಂಡ ಅನ್ನಬೇಡಿ ರಾಯರೇ. ನಮ್ಮ ಯಜಮಾನರಿಗೆ ಇದ್ದದ್ದು ಫಿಯೋಕ್ರೊಮೊಸೈಟೋಮಾ, ಅಡ್ರಿನಲಿನ್ ತರಹದ ಹಾರ್ಮೋನ್ ಸುರಿಸುವ ಗಡ್ಡೆ. ಬಿಪಿ 220, ಬೆವರು, ಎದೆ ಡವಡವ. ಗಾಬರಿ ಕಾಯಿಲೆ ಅಂತ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಇನ್ನೊಬ್ಬರು ಎದೆಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರ ಕೊಟ್ಟರು, ಬಿಪಿ ಇನ್ನೂ ಏರಿ ಐಸಿಯು ಸೇರಬೇಕಾಯಿತು. ಮೊದಲು ರಕ್ತನಾಳ ಸಡಿಲಿಸುವ ಪ್ರಜೋಸಿನ್ ತರಹದ ಆಲ್ಫಾ ಬ್ಲಾಕರ್, ಆಮೇಲೇ ಬೀಟಾ. ಐಸಿಯು ಬಿಲ್ 1 ಲಕ್ಷ 90 ಸಾವಿರ. ಜೀನ್ ಪ್ಯಾನೆಲ್‌ಗೆ ಕೊಟ್ಟದ್ದು 24 ಸಾವಿರ. ಎಸ್‌ಡಿಎಚ್‌ಬಿ ಅನ್ನುವ ಜೀನ್‌ನಲ್ಲಿ ದೋಷ ಅಂತ ಬಂತು. ಈ ಜೀನ್ ಕೆಟ್ಟರೆ ಕೋಶದೊಳಗೆ ಸಕ್ಸಿನೇಟ್ ಅನ್ನುವ ರಾಸಾಯನಿಕ ಸೇರಿಕೊಳ್ಳುತ್ತದೆ. ಆಕ್ಸಿಜನ್ ಇದ್ದರೂ ಇಲ್ಲವೇನೋ ಅನ್ನುವ ಹಾಗೆ ಕೋಶ ವರ್ತಿಸಿ ಬೆಳೆಯುತ್ತದೆ. ಬೇರೆ ಅಂಗಕ್ಕೆ ಹರಡುವ ಭಯವೂ ಇದರಲ್ಲೇ ಜಾಸ್ತಿ. ಮಗನಿಗೂ ಅದೇ ಜೀನ್ ದೋಷ ಇದೆ ಅಂತ ಗೊತ್ತಾದದ್ದು ಆ ಟೆಸ್ಟಿನಿಂದಲೇ. ಈಗ ಅವನಿಗೆ ತಪ್ಪದೆ ತಪಾಸಣೆ ಆಗುತ್ತಿದೆ.

ಹೆಬ್ಬಾಳದ ಶೈಲಾ:
ನೀವಿಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ಗಡ್ಡೆ. ಫಿಯೋ ಇರುವವರಲ್ಲಿ ಸುಮಾರು ಮೂರಕ್ಕೆ ಒಬ್ಬರಿಗೆ ಹುಟ್ಟಿನಿಂದಲೇ ಜೀನ್ ದೋಷ ಇರುತ್ತದೆ, ರಕ್ತದಲ್ಲೇ ಸಿಗುತ್ತದೆ. ಆಲ್ಡೋಸ್ಟೆರೋನ್ ಗಡ್ಡೆಯಲ್ಲಿ ದೋಷ ಸಾಮಾನ್ಯವಾಗಿ ಗಡ್ಡೆಯೊಳಗೆ ಮಾತ್ರ. 2011ರಲ್ಲಿ ಕೆಸಿಎನ್‌ಜೆ5 ಜೀನ್‌ನ ದೋಷ ಸಿಕ್ಕಿತು, ಹೆಂಗಸರಲ್ಲಿ ಜಾಸ್ತಿ. ಪೊಟ್ಯಾಸಿಯಂ ಮಾತ್ರ ಹಾದುಹೋಗಬೇಕಾದ ಚಾನೆಲ್ (ಕೋಶದ ಬಾಗಿಲು) ಸೋಡಿಯಂ ಅನ್ನೂ ಒಳಗೆ ಬಿಡುತ್ತದೆ. ಅದರಿಂದ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ, ಕೋಶ ಆಲ್ಡೋಸ್ಟೆರೋನ್ ಮಾಡುತ್ತಲೇ ಇರುತ್ತದೆ. ಇದನ್ನು ನೋಡಲು ಗಡ್ಡೆಯೇ ಬೇಕು, ಅಂದರೆ ಆಪರೇಷನ್ ಆದಮೇಲೆ. 20 ವರ್ಷದೊಳಗೆ ಶುರುವಾದವರಿಗೆ, ಮನೆತನದಲ್ಲಿ ಇರುವವರಿಗೆ ರಕ್ತದ ಜೀನ್ ಟೆಸ್ಟ್ ಬೇರೆ ಮಾತು.

ನನ್ನದು ಕುಷಿಂಗ್, ಅಂದರೆ ಕಾರ್ಟಿಸಾಲ್ ಜಾಸ್ತಿಯಾಗುವ ಕಾಯಿಲೆ. ತೆಗೆದ ಗಡ್ಡೆಯಲ್ಲಿ ಪಿಆರ್‌ಕೆಎಸಿಎ ಜೀನ್‌ನ ದೋಷ ಸಿಕ್ಕಿತು. ಪ್ರೋಟೀನ್ ಕೈನೇಸ್ ಎ ಅನ್ನುವ ಕಿಣ್ವಕ್ಕೆ ಇರುವ ಕಡಿವಾಣ ಕಳಚಿಹೋಗಿ, ಪಿಟ್ಯುಟರಿ ಗ್ರಂಥಿಯ ಎಸಿಟಿಎಚ್ ಹಾರ್ಮೋನ್ ಹೇಳದಿದ್ದರೂ ಕಾರ್ಟಿಸಾಲ್ ಹರಿಯುತ್ತಿತ್ತು. ಗಡ್ಡೆ ಹೋದ ಮೇಲೆ ಇನ್ನೊಂದು ಗ್ರಂಥಿ ಏಳಲೇ ಇಲ್ಲ. ವರ್ಷ ದಾಟಿದರೂ ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ನುಂಗಿದೆ. ಮೈಕೈ ನೋವಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಆಪರೇಷನ್ ಆದರೆ ಮುಗಿಯಿತು ಅಂದವರ ಮೇಲೆ ನನಗಿನ್ನೂ ಕೋಪ ಇದೆ.

ಮಲ್ಲೇಶ್ವರಂ ರಾಯರು:
ಹಾಗಾದರೆ ನಾನು ಹೇಳಿದ್ದೇ ಸರಿ ಆಯಿತಲ್ಲ ಮೇಡಂ. ಇವರ ಅಕ್ಕನಿಗೆ ಈಗ ಬೇಡ.

ಬಸವನಗುಡಿ ಅಮ್ಮ:
ಇವರಿಗೆ ಬೇಡ ಅನ್ನಿ. ಎಲ್ಲರಿಗೂ ದಂಡ ಅಂದದ್ದು ನೀವು. ನನ್ನ ಮಗನ ಜೀವದ ವಿಷಯ ಇದು.

ನಾಗರಭಾವಿ ಮಂಜು:
ಆಪರೇಷನ್ನೇ ಯಾಕೆ? ನಾನು ಆಲ್ಡೋಸ್ಟೆರೋನ್ ತಡೆಯುವ ಸ್ಪೈರೋನೊಲ್ಯಾಕ್ಟೋನ್ ಮಾತ್ರೆ ಮೇಲೆ ಚೆನ್ನಾಗಿದ್ದೇನೆ. ಎದೆ ಊದಿ ನೋವು ಬಂತು, ಅದೇ ಕೆಲಸ ಮಾಡುವ ಎಪ್ಲೆರೆನೋನ್‌ಗೆ ಬದಲಾಯಿಸಿದರು. ದುಬಾರಿ, ತಿಂಗಳಿಗೆ 1,800 ಹೋಗುತ್ತದೆ. ಆದರೂ ಕತ್ತರಿ ಬೀಳಲಿಲ್ಲ. ಪೊಟ್ಯಾಸಿಯಂಗೆ ದಿನಾ ಎರಡು ಎಳನೀರು ಕುಡಿಸಿ.

ಹೆಬ್ಬಾಳದ ಶೈಲಾ:
ಮಂಜು, ಈ ಎಳನೀರು ಸಲಹೆ ದಯವಿಟ್ಟು ತೆಗೆಯಿರಿ. ನೀವು ಹೇಳಿದ ಎರಡೂ ಮಾತ್ರೆ ಪೊಟ್ಯಾಸಿಯಂ ಏರಿಸುತ್ತವೆ. ಜೊತೆಗೆ ದಿನಾ ಎಳನೀರು ಅಂದರೆ, ಕಿಡ್ನಿ ಸ್ವಲ್ಪ ಸೋತವರಿಗೆ ಹೃದಯದ ಬಡಿತವೇ ತಪ್ಪಬಹುದು.

ನಾಗರಭಾವಿ ಮಂಜು:
ನಾನು ಕುಡಿದೇ ಬದುಕಿದ್ದೇನೆ ಮೇಡಂ.

ಹೆಬ್ಬಾಳದ ಶೈಲಾ:
ನಿಮ್ಮ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಅಂಶ) ಬೇರೆ, ಅವರಕ್ಕನದು ಬೇರೆ. ತಂಗಿ, ಈ ಮಾತ್ರೆ ಶುರುಮಾಡಿದರೆ ಒಂದು ವಾರದೊಳಗೆ ರಕ್ತ ಪರೀಕ್ಷೆ ಮಾಡಿಸಿ. ಎವಿಎಸ್‌ಗೆ ಮುಂಚೆ ಅದನ್ನು ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರಿಂದ ಬರೆಸಿಕೊಳ್ಳಿ.