ಎಂಟರ ಫ್ಯಾಕ್ಟೋರಿಯಲ್ ಮೈನಸ್ಸಾದ ಪ್ರಸಂಗ

"ಪ್ರೋಗ್ರಾಮಿಂಗ್ ಎಂದರೆ ತರ್ಕ ಎಂದು ಯಾರು ಹೇಳಿದರೋ ತಿಳಿಯದು, ನನ್ನ ಮಟ್ಟಿಗಂತೂ ಅದು ಶುದ್ಧ ಕಂಠಪಾಠ," ಎಂದು ಮೆಕ್ಯಾನಿಕಲ್ ತನ್ನ ಪಾಲಿನ ಬೈಟು ಕಾಫಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ ಘೋಷಿಸಿದ. ಕಾಲೇಜು ಬಿಟ್ಟು ಎಷ್ಟೋ ಕಾಲವಾಗಿದ್ದರೂ ನಮ್ಮ ಗುಂಪಿನಲ್ಲಿ ಒಬ್ಬರನ್ನೊಬ್ಬರು ಓದಿದ ವಿಭಾಗದ ಹೆಸರಿನಿಂದಲೇ ಕರೆಯುವ ರೂಢಿ ಉಳಿದುಬಂದಿರುವುದರಿಂದ, ಆತನ ತಂದೆತಾಯಿ ಇಟ್ಟ ಹೆಸರು ಇಲ್ಲಿ ಅನಗತ್ಯ. ಆತನ ಅಣ್ಣನ ಮಗಳು ಈ ವರ್ಷ ಎಂಜಿನಿಯರಿಂಗ್ ಸೇರಿ, ಸಿ ಭಾಷೆಯ ಪುಸ್ತಕವನ್ನು ಹಿಡಿದು ಚಿಕ್ಕಪ್ಪನ ಬಳಿಗೇ ಸಂದೇಹ ಕೇಳಲು ಬಂದದ್ದು ಈ ಆವೇಶಕ್ಕೆ ಮೂಲ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಮೊದಲ ವರ್ಷವನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಪಾಲು ಮಾಡಿ, ಸಿಸಿಪಿ (ಕಂಪ್ಯೂಟರ್ ಕಾನ್ಸೆಪ್ಟ್ಸ್ ಅಂಡ್ ಸಿ ಪ್ರೋಗ್ರಾಮಿಂಗ್) ಎಂಬ ವಿಷಯವನ್ನು ಸೇತುವೆ ಕಟ್ಟುವವನಿಗೂ ಬಾಯ್ಲರ್ ಕಾಯಿಸುವವನಿಗೂ ಭೇದವಿಲ್ಲದೆ ಬಡಿಸುತ್ತಿದ್ದ ಕಾಲದಲ್ಲಿ ನಾವು ಓದಿದ್ದು. ಮೆಕ್ಯಾನಿಕಲ್ ಲ್ಯಾಬ್ ಪ್ರೋಗ್ರಾಂಗಳನ್ನೆಲ್ಲ ಆವರಣ ಚಿಹ್ನೆಗಳ ಸಮೇತ ಬಾಯಿಪಾಠ ಮಾಡಿಕೊಂಡು ಪರೀಕ್ಷೆಗೆ ಹೋದ. ಚೀಟಿಯಲ್ಲಿ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸುವ ಬಬಲ್ ಸಾರ್ಟ್ ಬಂದಿತು, ಔಟ್‌ಪುಟ್ಟೂ ಬಂದಿತು. ಆಗ ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಏರಿಕೆ ಕ್ರಮ ಆಯಿತು, ಇದನ್ನೇ ಇಳಿಕೆ ಕ್ರಮದಲ್ಲಿ ಜೋಡಿಸಿ ತೋರಿಸಪ್ಪ," ಎಂದರಂತೆ. ಈತ ವಿನಯದಿಂದ, "ಸರ್, ಅದು ಸಿಲಬಸ್‌ನಲ್ಲಿಲ್ಲ," ಎಂದನಂತೆ.

"ಇಫ್ ಎಂಬ ಷರತ್ತಿನ ಒಳಗಿದ್ದ ಒಂದೇ ಒಂದು '>' ಚಿಹ್ನೆಯನ್ನು ತಿರುಗಿಸಿದ್ದರೆ ಸಾಕಿತ್ತಲ್ಲೋ," ಎಂದಳು ಕಂಪ್ಯೂಟರ್ ಸೈನ್ಸ್ ಓದಿದ ಸಿಎಸ್. ಈಕೆ ಈಗ ಅದೇ ವಿಷಯವನ್ನು ಕಲಿಸುವ ಉಪನ್ಯಾಸಕಿಯಾಗಿರುವುದರಿಂದ, ನಮ್ಮ ಹರಟೆಯಲ್ಲಿ ಪ್ರತಿವಾದಿಯ ಸ್ಥಾನ ಸದಾ ಈಕೆಗೇ ಮೀಸಲು.

"ಚಿಹ್ನೆಯ ಮೂತಿ ಯಾವ ಕಡೆಗಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಏಕೆ ಆ ಕಡೆಗಿತ್ತು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ."

ಇಷ್ಟು ಹೊತ್ತು ವಡೆಯ ಮೇಲೆ ಗಮನವಿಟ್ಟಿದ್ದ ಸಿವಿಲ್‌ಗೆ ಈಗ ತನ್ನ ದುಃಖ ನೆನಪಾಯಿತು. ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ಬದಲಾಯಿಸುವ ಪ್ರೋಗ್ರಾಂ ಅದು. ಸೂತ್ರದಲ್ಲಿರುವಂತೆಯೇ ಐದು ಭಾಗಿಸು ಒಂಬತ್ತು, ಗುಣಿಸು ಎಫ್ ಮೈನಸ್ 32 ಎಂದು ಬರೆದು, ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿ, ಪರೀಕ್ಷೆಗೆಂದು 32ನ್ನೇ ಕೊಟ್ಟ. ಪರದೆಯ ಮೇಲೆ 0.000000 ಎಂದು ಸೊನ್ನೆಗಳು ಶಿಸ್ತಾಗಿ ಸಾಲುಗಟ್ಟಿದವು. ನೀರು ಹೆಪ್ಪುಗಟ್ಟುವ ಬಿಂದು ಸರಿಯಾಗಿಯೇ ಬಂದಿತೆಂದು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಓಡಿದರೆ, ಮೇಷ್ಟ್ರು ಬಂದು 212 ಎಂದು ಒತ್ತಿದರು. ಕುದಿಯುವ ನೀರೂ ಸೊನ್ನೆ ಡಿಗ್ರಿ. ಜ್ವರ ಬಂದ ಮನುಷ್ಯನ ಲೆಕ್ಕ ಕೊಟ್ಟರು. ಆತನೂ ಸೊನ್ನೆ ಡಿಗ್ರಿಯಲ್ಲಿ ತಣ್ಣಗೆ ಮಲಗಿದ್ದ.

"ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಸಿ ಭಾಷೆ ದಶಮಾಂಶವನ್ನು ಕತ್ತರಿಸಿ ಬಿಸಾಡುತ್ತದೆ," ಎಂದು ಸಿಎಸ್ ವಿವರಿಸಿದಳು. "ಐದನ್ನು ಒಂಬತ್ತರಿಂದ ಭಾಗಿಸಿದರೆ ಸೊನ್ನೆ, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. 5.0 ಎಂದು ಬರೆದಿದ್ದರೆ ನಿನ್ನ ರೋಗಿ ಬದುಕುತ್ತಿದ್ದ."

"ಹಾಗಾದರೆ ಕಂಪೈಲರ್ ಏಕೆ ಬಾಯಿ ಬಿಡಲಿಲ್ಲ? ಒಂದು ಸೆಮಿಕೋಲನ್ ಬಿಟ್ಟರೆ ಊರೆಲ್ಲ ಕೇಳುವಂತೆ, ಅದೂ ತಪ್ಪಾದ ಸಾಲನ್ನು ಬಿಟ್ಟು ಅದರ ಮುಂದಿನ ಸಾಲನ್ನು ತೋರಿಸಿ ಬೊಬ್ಬೆ ಹಾಕುತ್ತಿತ್ತಲ್ಲ!"

ಸೆಮಿಕೋಲನ್ ವ್ಯಾಕರಣದ ಮಾತು, ಸೊನ್ನೆ ಡಿಗ್ರಿಯ ರೋಗಿ ಅರ್ಥದ ಮಾತು ಎಂಬುದು ಸಿಎಸ್‌ಳ ವಾದ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಈ ಭಾಷೆಯಲ್ಲಿ ಯುನಿಕ್ಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯನ್ನೇ ಬರೆದರು. ಅಂಥವರಿಗೆ ತಾವು ಏನು ಮಾಡುತ್ತಿದ್ದೇವೆಂದು ಗೊತ್ತಿರುತ್ತದೆ ಎಂಬ ನಂಬಿಕೆಯಿಂದ ಭಾಷೆ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಅದನ್ನೇ ಹದಿನೆಂಟರ ಹುಡುಗರ ಮುಂದೆ ಇಟ್ಟು, ಸಮಸ್ಯೆಯನ್ನು ಕಾಗದದ ಮೇಲೆ ಬಿಡಿಸುವ ಅಭ್ಯಾಸ ಮಾಡಿಸದೆ ನೇರವಾಗಿ ಟೈಪ್ ಮಾಡಿಸುವುದು, ನನ್ನ ಅಭಿಪ್ರಾಯದಲ್ಲಿ, ಆ ನಂಬಿಕೆಗೆ ಬಗೆದ ದ್ರೋಹ.

"ನನ್ನದನ್ನು ಕೇಳಿ," ಎಂದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದಿದ ಇ ಅಂಡ್ ಸಿ ಎದ್ದು ಕುಳಿತ. ಟರ್ಬೊ ಸಿ ಎಂಬ ಕಂಪೈಲರಿನ ಆ ನೀಲಿ ಪರದೆಯಲ್ಲಿ ಆತ ಫ್ಯಾಕ್ಟೋರಿಯಲ್, ಅಂದರೆ ಒಂದರಿಂದ ಕೊಟ್ಟ ಸಂಖ್ಯೆಯವರೆಗಿನ ಗುಣಲಬ್ಧ, ಕಂಡುಹಿಡಿಯುವ ಪ್ರೋಗ್ರಾಂ ಬರೆದಿದ್ದ. ಏಳಕ್ಕೆ 5040 ಎಂದು ಸರಿಯಾಗಿಯೇ ಬಂದಿತು. ಎಂಟು ಒತ್ತಿದರೆ ಮೈನಸ್ 25216. ಎಲ್ಲಿಯೂ ಕಳೆಯುವ ಲೆಕ್ಕವೇ ಇಲ್ಲದ ಕಡೆ ಮೈನಸ್ ಎಲ್ಲಿಂದ ಬಂದಿತೆಂದು ಆತ ಕೀಬೋರ್ಡನ್ನು ಬದಲಾಯಿಸಿ ನೋಡಿದನಂತೆ.

ಆ ಕಂಪೈಲರಿನಲ್ಲಿ ಪೂರ್ಣಾಂಕವನ್ನಿಡುವ ಇಂಟ್ ಎಂಬುದಕ್ಕೆ ಹದಿನಾರೇ ಬಿಟ್, ಅಂದರೆ ಸೊನ್ನೆ ಇಲ್ಲವೇ ಒಂದನ್ನು ಹಿಡಿಯುವ ಹದಿನಾರೇ ಮನೆ; ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಬರಬೇಕಾದ ಉತ್ತರ 40320. ಮಿತಿ ದಾಟಿದ ಎಣಿಕೆ ಮೈನಸ್ ತುದಿಯಿಂದ ಮತ್ತೆ ಶುರುವಾಗುತ್ತದೆ; ಹಾಗಾಗಿ 40320ರಲ್ಲಿ 65536 ಕಳೆದರೆ ಇ ಅಂಡ್ ಸಿ ಕಂಡ ಸಂಖ್ಯೆ ಸಿಗುತ್ತದೆ. "ನಗಬೇಡಿ," ಎಂದಳು ಸಿಎಸ್. "1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್, ಹದಿನಾರು ಬಿಟ್‌ನಲ್ಲಿ ಹಿಡಿಯದ ಒಂದು ಸಂಖ್ಯೆಯನ್ನು ಅದರೊಳಗೆ ತುರುಕಲು ಹೋಗಿ, ಹಾರಿದ ಒಂದು ನಿಮಿಷದೊಳಗೆ ಆಕಾಶದಲ್ಲಿಯೇ ಚೂರಾಯಿತು."

"ಹಾಗಾದರೆ ನನ್ನ ತಪ್ಪು ಯುರೋಪಿಯನ್ ಮಟ್ಟದ್ದು," ಎಂದು ಇ ಅಂಡ್ ಸಿ ಹೆಮ್ಮೆಯಿಂದ ಇನ್ನೊಂದು ವಡೆ ತರಿಸಿದ.

ಈಗಿನ ಮಕ್ಕಳಿಗೆ ಈ ತೊಂದರೆಯಿಲ್ಲ, ಇಂಟ್ ಮೂವತ್ತೆರಡು ಬಿಟ್‌ಗೆ ಬೆಳೆದಿದೆ, ಪ್ರೋಗ್ರಾಮನ್ನಂತೂ ಚಾಟ್‌ಬಾಟೇ ಬರೆದುಕೊಡುತ್ತದೆ ಎಂದು ಮೆಕ್ಯಾನಿಕಲ್ ನಿಟ್ಟುಸಿರಿಟ್ಟ. ಸಿಎಸ್ ಒಪ್ಪಲಿಲ್ಲ. ಇಂದಿಗೂ ಬರಿಯ ಇಂಟ್ ಬಳಸಿದರೆ ಹನ್ನೆರಡರ ಫ್ಯಾಕ್ಟೋರಿಯಲ್‌ವರೆಗೆ ಮಾತ್ರ ಕ್ಷೇಮ. ಹದಿಮೂರಕ್ಕೆ 1932053504 ಎಂಬ ಉತ್ತರ ಬರುತ್ತದೆ. ಮೈನಸ್ ಇಲ್ಲ, ಮುಖದಲ್ಲಿ ಕಳ್ಳತನದ ಸುಳಿವಿಲ್ಲ. ತರಗತಿಯಲ್ಲಿ ಅನೇಕರು ಅದನ್ನೇ ರೆಕಾರ್ಡಿಗೆ ಇಳಿಸಿ ಸಹಿಗೆ ತರುತ್ತಾರಂತೆ.

"ತಪ್ಪೆಂದು ಹೇಗೆ ತಿಳಿಯಬೇಕು, ಅಷ್ಟು ದೊಡ್ಡ ಗುಣಾಕಾರವನ್ನು ಯಾರು ಮಾಡುತ್ತಾರೆ?" ಎಂದ ಸಿವಿಲ್.

"ಮಾಡಬೇಕಾಗಿಲ್ಲ. ಒಂದರಿಂದ ಹದಿಮೂರರವರೆಗೆ ಗುಣಿಸಿದಾಗ ಅದರೊಳಗೆ ಹತ್ತು ಇದೆ, ಅದಲ್ಲದೆ ಎರಡೂ ಐದೂ ಸೇರಿ ಇನ್ನೊಂದು ಹತ್ತಾಗುತ್ತವೆ. ಆದ್ದರಿಂದ ಉತ್ತರದ ಕೊನೆಯಲ್ಲಿ ಎರಡು ಸೊನ್ನೆ ಇರಲೇಬೇಕು. ಇಲ್ಲಿ ಕೊನೆಗೆ ನಾಲ್ಕಿದೆ. ಕಂಪ್ಯೂಟರ್ ಮುಟ್ಟದೆಯೇ ಅದರ ಸುಳ್ಳನ್ನು ಹಿಡಿದಂತಾಯಿತು. ನಾನು ಕಲಿಸಬೇಕೆಂದಿರುವುದು ಇಷ್ಟನ್ನೇ."

ಮೇಜಿನ ಸುತ್ತ ಎಲ್ಲರೂ ತಲೆದೂಗಿದರು. ಮೆಕ್ಯಾನಿಕಲ್ ಅಂತೂ ಜೇಬಿನಿಂದ ಪೆನ್ನು ತೆಗೆದು, ಬಿಲ್ಲಿನ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳತೊಡಗಿದ. "ಅದ್ಭುತ. ಇಂದು ಸಂಜೆಯೇ ಹುಡುಗಿಗೆ ಹೇಳುತ್ತೇನೆ: ಹದಿಮೂರರ ಫ್ಯಾಕ್ಟೋರಿಯಲ್, ಕೊನೆಗೆ ಎರಡು ಸೊನ್ನೆ, ಬಾಯಿಪಾಠ ಮಾಡಿಕೋ ಎಂದು."

"ಹದಿನೈದಕ್ಕೆ ಎಷ್ಟು ಸೊನ್ನೆ?" ಎಂದು ಸಿಎಸ್ ಹಲ್ಲು ಕಚ್ಚಿ ಕೇಳಿದಳು.

"ಅದೂ ಪರೀಕ್ಷೆಗೆ ಬರುತ್ತದೆಯೇ?" ಎಂದು ಆತ ಪೆನ್ನನ್ನು ಎತ್ತಿ ಹಿಡಿದು ಕಾದ.